ಚುಕ್ಕಿ ಹಾಳೆಯ ನೋಟ್‌ಬುಕ್: ಚುಕ್ಕಿ ಹುಡುಕುವವಳು ಎಂಟು ತಿಂಗಳು ಬಳಸಿ ಬರೆದಿದ್ದು

ನನ್ನ ಕೆಲಸ ಪ್ರೂಫ್ ನೋಡುವುದು. ಜಾಸ್ತಿ ಬರುವುದು ಗಣಿತ, ವಿಜ್ಞಾನದ ಪಠ್ಯಗಳು. ನಡುನಡುವೆ ಸಂಗೀತದ್ದೊಂದು, ಔಷಧಗಳ ಬಗ್ಗೆ ಒಂದು. ಕಾಗುಣಿತದ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಬೀಳದೆ ತಪ್ಪಿಸಿಕೊಳ್ಳುವುದು ಚುಕ್ಕಿ. ಬಿಟ್ಟುಹೋದ ಚುಕ್ಕಿ, ಜಾಗ ತಪ್ಪಿದ ಚುಕ್ಕಿ, ಎಲ್ಲಿಂದಲೋ ಬಂದು ಕೂತ ಚುಕ್ಕಿ. ಇವನ್ನು ಹಿಡಿಯುವುದಕ್ಕೇ ನನಗೆ ಸಂಬಳ ಅಂದರೆ ಮನೆಯವರು ನಗುತ್ತಾರೆ.

ಇಂಥವಳಿಗೆ ತಮ್ಮ ತಂದುಕೊಟ್ಟಿದ್ದು ಪುಟಕ್ಕೆ ಸಾವಿರ ಚುಕ್ಕಿ ಇರುವ ನೋಟ್‌ಬುಕ್ಕು. ಗೆರೆ ಇಲ್ಲ, ಚೌಕ ಇಲ್ಲ. ಬರೀ ಚುಕ್ಕಿ ಸಾಲು. "ಅಕ್ಕ, ಈಗ ಎಲ್ಲರೂ ಇದನ್ನೇ ಬಳಸೋದು" ಅಂದ. ಎಂಟು ತಿಂಗಳು ನಾನೂ ಬಳಸಿದೆ. ಒಂದು ತುಂಬಿ ಮುಗಿಯಿತು, ಎರಡನೆಯದು ಅರ್ಧ ಆಗಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ನಾನು ಹೇಳುವ ಒಳ್ಳೆಯದೂ ಕೆಟ್ಟದ್ದೂ ಈ ಬಗೆಯ ಹಾಳೆಗೇ ಸೇರಿದ್ದು, ಯಾರು ಮಾಡಿದರೂ ಅಷ್ಟೇ.

ಮೊದಲು ವಸ್ತುವಿನ ಬಗ್ಗೆ. ಎ5 ಅಳತೆ, ಅಂದರೆ 148 ಮಿ.ಮೀ. ಅಗಲ, 210 ಉದ್ದ. ಚುಕ್ಕಿಯಿಂದ ಚುಕ್ಕಿಗೆ 5 ಮಿ.ಮೀ. ಒಂದು ಪುಟ ಎಣಿಸಿದೆ: ಅಡ್ಡಕ್ಕೆ 28, ಉದ್ದಕ್ಕೆ 40. ಒಟ್ಟು 1120. ಅಚ್ಚಿನ ಮನೆಯ ಚಟ ಬಿಡುತ್ತದೆಯೇ, ಭೂತಗನ್ನಡಿ ಹಿಡಿದೂ ನೋಡಿದೆ. ಬರಿಗಣ್ಣಿಗೆ ತಿಳಿ ಬೂದು ಬಣ್ಣದ ಒಂದು ಚುಕ್ಕಿ. ಗಾಜಿನಡಿಯಲ್ಲಿ ಅದು ಬೂದೂ ಅಲ್ಲ, ಒಂದೂ ಅಲ್ಲ. ನಾಲ್ಕೈದು ಕಡುಕಪ್ಪು ಸಣ್ಣ ಚುಕ್ಕಿಗಳ ಗುಂಪು. ಕಪ್ಪು ಮಸಿಯೊಂದರಲ್ಲೇ ಬೂದು ಬಣ್ಣ ತೋರಿಸಬೇಕಾದರೆ ಅಚ್ಚಿನವರು ಹೀಗೇ ಮಾಡುವುದು. ಕಪ್ಪನ್ನು ಪುಡಿ ಮಾಡಿ ಬಿಳಿಯ ನಡುವೆ ಚೆಲ್ಲುತ್ತಾರೆ, ಕಣ್ಣು ಅದನ್ನು ಬೆರೆಸಿಕೊಂಡು ಬೂದು ಅನ್ನುತ್ತದೆ. ಬೂದು ಮಸಿಯನ್ನೇ ಬೇರೆಯಾಗಿ ಕಲಸಿ ಹೊಡೆದಿದ್ದರೆ ಚುಕ್ಕಿಯ ಅಂಚು ದುಂಡಗೆ ಬರುತ್ತಿತ್ತು. ಈ ಎರಡು ದಾರಿಯ ವ್ಯತ್ಯಾಸ ಅಂಗಡಿಯಲ್ಲಿ ನಿಂತು ನೋಡುವವರಿಗೆ ಕಾಣುವುದಿಲ್ಲ. ನನಗೆ ಮೂರನೇ ವಾರದಲ್ಲೇ ಕಂಡಿತು, ಅದೂ ಎಡವಿದ ಮೇಲೆ.

ಆದದ್ದು ಇಷ್ಟು. ಒಂದು ಪುಸ್ತಕದ ತಿದ್ದುಪಡಿಗಳನ್ನು ಈ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ಪುಟ, ಸಾಲು, ಇರುವುದು, ಆಗಬೇಕಾದ್ದು. ಫೋನಿನಲ್ಲಿ ಫೋಟೋ ತೆಗೆದು ಪುಟ ಕಟ್ಟುವವರಿಗೆ ಕಳಿಸಿದೆ. ಫೋನಿನ ಸ್ಕ್ಯಾನ್ ಆ್ಯಪ್ ತುಂಬಾ ಬುದ್ಧಿವಂತ. ಹಾಳೆಯನ್ನು ಬೆಳ್ಳಗೆ ಮಾಡುತ್ತದೆ, ಬರಹವನ್ನು ಕಪ್ಪು ಮಾಡುತ್ತದೆ. ನನ್ನ ಬೂದು ಚುಕ್ಕಿಗಳು ನಿಜಕ್ಕೂ ಕಪ್ಪಿನ ಪುಡಿ ತಾನೇ? ಅವನ್ನೂ ಕಪ್ಪು ಮಾಡಿತು. ನಾನು ಬರೆದಿದ್ದು 125. 12ಕ್ಕೂ 5ಕ್ಕೂ ನಡುವೆ, ಸರಿಯಾಗಿ ಬುಡದಲ್ಲಿ, ಒಂದು ಅಚ್ಚಿನ ಚುಕ್ಕಿ ಕೂತಿತ್ತು. ಮರುದಿನ ಬಂದ ಪ್ರೂಫಿನಲ್ಲಿ 12.5 ಅಂತ ಇತ್ತು.

ಪುಟ ಕಟ್ಟಿದವರ ತಪ್ಪೇನೂ ಇಲ್ಲ. ಕಂಡದ್ದನ್ನು ಹಾಕಿದರು. ನಾನು ಹಿಡಿದೆ, ಸರಿ. ಹಿಡಿಯದಿದ್ದರೆ?

ಆವತ್ತು ಕೂತು ಯೋಚಿಸಿದಾಗ ತೊಡಕು ಎಲ್ಲಿದೆ ಅಂತ ಹೊಳೆಯಿತು. ಚುಕ್ಕಿ ಸಾಲನ್ನೇ ಗೆರೆ ಅಂದುಕೊಂಡು ನಾವು ಅದರ ಮೇಲೆ ಬರೆಯುತ್ತೇವೆ. ಆಗ ಅಚ್ಚಿನ ಚುಕ್ಕಿ ಬೀಳುವುದು ಅಕ್ಷರದ ಬುಡಕ್ಕೆ. ದಶಮಾಂಶದ ಚುಕ್ಕಿ ಇರುವ ಜಾಗವೂ ಅದೇ. ಅಂದರೆ ಈ ಹಾಳೆಯಲ್ಲಿ ಅರ್ಧ ಸೆಂಟಿಮೀಟರಿಗೊಂದು ದಶಮಾಂಶ ಬಿಂದು ಮೊದಲೇ ಅಚ್ಚಾಗಿದೆ. ಅಂಕಿ ಬರೆದುಕೊಳ್ಳುವುದಷ್ಟೇ ನಮ್ಮ ಕೆಲಸ!

ಈ ಬುಡದ ಚುಕ್ಕಿಯನ್ನು ಬಲ್ಲವರು ಯಾವತ್ತೂ ನಂಬಿಲ್ಲ ನೋಡಿ. ಔಷಧದ ಪುಸ್ತಕ ತಿದ್ದುವಾಗ ಕಲಿತ ಮೊದಲ ಪಾಠ: .5 ಮಿ.ಗ್ರಾಂ. ಅಂತ ಬರೆಯಕೂಡದು, 0.5 ಅನ್ನಬೇಕು. 5.0 ಅಂತಲೂ ಬರೆಯಕೂಡದು, ಸುಮ್ನೆ 5 ಅನ್ನಬೇಕು. ಚುಕ್ಕಿ ಮಾಸಿದರೆ ಮೊದಲನೆಯದು 5 ಆಗುತ್ತದೆ, ಎರಡನೆಯದು 50. ಎರಡು ಕಡೆಯೂ ಹತ್ತು ಪಟ್ಟು ಔಷಧ ಒಳಗೆ ಹೋಗುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ 'ಬಳಸಬಾರದು' ಅಂತ ಒಂದು ಪಟ್ಟಿ ಮಾಡಿತು. ಅದರಲ್ಲಿ ಈ ಎರಡೂ ಇವೆ.

ಎಲೆಕ್ಟ್ರಾನಿಕ್ಸಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಚುಕ್ಕಿಯನ್ನೇ ಕಿತ್ತು ಹಾಕಿದರು. 4.7 ಕಿಲೋ ಓಮ್ ರೆಸಿಸ್ಟರಿಗೆ ನಕ್ಷೆಯಲ್ಲಿ 'ನಾಲ್ಕು ಕೆ ಏಳು' ಅಂತ ಬರೆಯುತ್ತಾರೆ. ಚುಕ್ಕಿ ಇರಬೇಕಾದ ಜಾಗದಲ್ಲಿ ಕೆ ಅಕ್ಷರ. ಝೆರಾಕ್ಸಿನ ಝೆರಾಕ್ಸ್ ತೆಗೆದರೆ ಚುಕ್ಕಿ ಮಾಯ ಆಗಬಹುದು, ಅಕ್ಷರ ಆಗುವುದಿಲ್ಲ. ತಮ್ಮ ಅದೇ ಕೆಲಸದವನು. ಅವನ ಹಳೇ ನಕ್ಷೆಗಳಲ್ಲಿ ಇದನ್ನು ನೋಡಿ ಎಷ್ಟೋ ವರ್ಷ ಏನೋ ಗುಟ್ಟಿನ ಭಾಷೆ ಅಂದುಕೊಂಡಿದ್ದೆ.

ಇನ್ನು ಯೂರೋಪಿನ ಬಹಳ ಕಡೆ ದಶಮಾಂಶಕ್ಕೆ ಚುಕ್ಕಿಯೇ ಇಲ್ಲ, ಅಲ್ಪವಿರಾಮ. ಯಾವುದು ಸರಿ ಅಂತ ಎಳೆದಾಟ ಮುಗಿಯದೆ, ತೂಕ ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ 2003ರಲ್ಲಿ ಎರಡೂ ಸರಿ ಅಂದುಬಿಟ್ಟಿತು. ಆದರೆ ಎರಡೂ ಸಾಲಿನ ಬುಡದಲ್ಲೇ ಇರಬೇಕು ಅಂತ ಷರತ್ತು. 'ದಿ ಲ್ಯಾನ್ಸೆಟ್' ವೈದ್ಯ ಪತ್ರಿಕೆಯವರು ಮಾತ್ರ ಹಳೇ ಬ್ರಿಟಿಷ್ ರೂಢಿ ಬಿಟ್ಟಿಲ್ಲ. ಅವರ ದಶಮಾಂಶ ಚುಕ್ಕಿ ಅಂಕಿಗಳ ನಡುಮಟ್ಟದಲ್ಲಿ ತೇಲುತ್ತದೆ. ಮೊದಲು ನೋಡಿದಾಗ ಅಚ್ಚಿನ ತಪ್ಪು ಅಂತ ಸುತ್ತು ಹಾಕಿದ್ದೆ. ಈಗ ಅನಿಸುತ್ತದೆ, ನನ್ನ ಈ ನೋಟ್‌ಬುಕ್ಕಿಗೆ ಹೇಳಿ ಮಾಡಿಸಿದ್ದು ಅವರ ಪದ್ಧತಿಯೇ.

ಸರಿ, ಬುಡದಲ್ಲಿ ಬೇಡ ಅಂತ ಬರೆಯುವ ಮಟ್ಟ ಬದಲಿಸಿದೆ. ಚುಕ್ಕಿ ಸಾಲು ಅಕ್ಷರದ ಹೊಟ್ಟೆಯ ನಡುವೆ ಹಾಯುವ ಹಾಗೆ ಬರೆಯತೊಡಗಿದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಬೀಜಗಣಿತ ಬಂತು.

ನಡುಮಟ್ಟದ ಚುಕ್ಕಿಗೂ ಯಜಮಾನರಿದ್ದಾರೆ. 1698ರಲ್ಲಿ ಗಣಿತಜ್ಞ ಲೈಬ್ನಿಟ್ಸ್ ತನ್ನ ಗೆಳೆಯ ಯೋಹಾನ್ ಬೆರ್ನೂಲಿಗೆ ಪತ್ರ ಬರೆದ. ಗುಣಾಕಾರಕ್ಕೆ ಕತ್ತರಿ ಗುರುತು ನನಗೆ ಹಿಡಿಸುವುದಿಲ್ಲ, ಅದು ಎಕ್ಸ್ ಅಕ್ಷರದ ಜೊತೆ ಕಲಸಿಹೋಗುತ್ತದೆ, ನಾನು ಚುಕ್ಕಿ ಇಡುತ್ತೇನೆ ಅಂತ. ಒಳ್ಳೇ ಕಾರಣವೇ. ಆದರೆ ಆ ಚುಕ್ಕಿ ದಶಮಾಂಶದ ಚುಕ್ಕಿಗೆ ಪಕ್ಕದ ಮನೆ ಆಯಿತು. 3 ಚುಕ್ಕಿ 5 ಅಂದರೆ ಮೂರೂವರೆಯೋ, ಹದಿನೈದೋ? ಒಂದು ಮಿಲಿಮೀಟರು ಮೇಲೆ ಕೆಳಗೆ ಆದರೆ ಉತ್ತರ ಬದಲಾಯಿತು. ವೆಕ್ಟರುಗಳಿಗೆ, ಅಂದರೆ ಅಳತೆಯ ಜೊತೆ ದಿಕ್ಕೂ ಇರುವವಕ್ಕೆ ಬಂದರೆ ಚುಕ್ಕಿಗೂ ಕತ್ತರಿಗೂ ಅರ್ಥವೇ ಬೇರೆ. ಚುಕ್ಕಿ ಇಟ್ಟರೆ ಗುಣಲಬ್ಧ ಬರೀ ಒಂದು ಸಂಖ್ಯೆ, ಕತ್ತರಿ ಇಟ್ಟರೆ ಇನ್ನೊಂದು ವೆಕ್ಟರ್. ಅಲ್ಲಿ ನನ್ನ ನೋಟ್‌ಬುಕ್ಕು ಎರಡು ಅಕ್ಷರಗಳ ನಡುವೆ ತಾನೇ ಒಂದು ಚುಕ್ಕಿ ಇಟ್ಟು ಕೂತಿರುತ್ತದೆ.

ರಸಾಯನಶಾಸ್ತ್ರದಲ್ಲೂ ಇದೇ ಮಟ್ಟಕ್ಕೆ ಬೇಡಿಕೆ. ಮೈಲುತುತ್ತದ ನೀಲಿ ಹರಳಿನ ಸೂತ್ರ ನೆನಪಿದೆಯಾ? ತಾಮ್ರದ ಸಲ್ಫೇಟು, ನಡುವೆ ಒಂದು ಚುಕ್ಕಿ, ಆಮೇಲೆ ಐದು ನೀರು. ಈ ಚುಕ್ಕಿ ಗುಣಾಕಾರ ಅಲ್ಲವೇ ಅಲ್ಲ. 'ಹರಳಿನಲ್ಲಿ ಇದೂ ಜೊತೆಗಿದೆ' ಅಂತ ಅರ್ಥ. ಕಾಯಿಸಿದರೆ ಚುಕ್ಕಿಯ ಆಚೆಗಿನ ನೀರು ಹೋಗುತ್ತದೆ, ನೀಲಿ ಹೋಗಿ ಬಿಳಿ ಪುಡಿ ಉಳಿಯುತ್ತದೆ. ಒಂದು ಚುಕ್ಕಿಗೆ ಇಷ್ಟು ಚೆಂದದ ಕೆಲಸ ಬೇರೆಲ್ಲೂ ನಾನು ಕಂಡಿಲ್ಲ. ಹಾಗೇ, ಅಣುವಿನ ಪಕ್ಕದಲ್ಲಿ ಒಂಟಿ ಚುಕ್ಕಿ ಬಂದರೆ ಅದು ಜೋಡಿ ಇಲ್ಲದ ಎಲೆಕ್ಟ್ರಾನು. ಅಂಥ ಅಣು ಸಿಕ್ಕಿದ್ದಕ್ಕೆ ಅಂಟಿಕೊಳ್ಳುವ ಸ್ವಭಾವದ್ದು. ಒಂದು ರಾತ್ರಿ ನೋಟ್‌ಬುಕ್ಕಿನಲ್ಲಿ ನಾನೇ ಬರೆದಿದ್ದ ಮೀಥೇನಿನ ಪಕ್ಕ ಅಚ್ಚಿನ ಚುಕ್ಕಿ ಕಂಡು, 'ಇದ್ಯಾಕೆ ಹೀಗೆ' ಅಂತ ಹತ್ತು ನಿಮಿಷ ತಲೆ ಕೆಡಿಸಿಕೊಂಡೆ.

ಉಳಿದಿದ್ದು ತಲೆಯ ಮೇಲಿನ ಜಾಗ. ಸಾಲು ಅಕ್ಷರದ ತಲೆಗೆ ತಾಗುವ ಹಾಗೆ, ನೇತು ಹಾಕಿದಂತೆ ಬರೆದು ನೋಡಿದೆ. ಅಲ್ಲಿ ನ್ಯೂಟನ್ ಕಾಯುತ್ತಿದ್ದ.

ಅಕ್ಷರದ ತಲೆಯ ಮೇಲೆ ಒಂದು ಚುಕ್ಕಿ ಇಟ್ಟರೆ ಕಾಲದ ಜೊತೆ ಅದು ಬದಲಾಗುವ ವೇಗ. ಎರಡು ಚುಕ್ಕಿ ಇಟ್ಟರೆ ವೇಗ ಬದಲಾಗುವ ವೇಗ, ಅಂದರೆ ವೇಗೋತ್ಕರ್ಷ. ನ್ಯೂಟನ್ನನ ಈ ಚುಕ್ಕಿ ಒಂದು ಕಡೆ, ಅದೇ ಬದಲಾವಣೆ ತೋರಿಸಲು ಲೈಬ್ನಿಟ್ಸ್ ಬರೆದ ಡಿ ಅಕ್ಷರ ಇನ್ನೊಂದು ಕಡೆ. ಇಂಗ್ಲೆಂಡಿನವರು ನೂರು ವರ್ಷಕ್ಕೂ ಮಿಕ್ಕಿ ಚುಕ್ಕಿಗೇ ಜೋತು ಬಿದ್ದಿದ್ದರು. ಆಚೆಯ ಯೂರೋಪು ಡಿ ಹಿಡಿದುಕೊಂಡು ಮುಂದೆ ಹೋಗಿತ್ತು. 1812ರಲ್ಲಿ ಕೇಂಬ್ರಿಜ್‌ನಲ್ಲಿ ಚಾರ್ಲ್ಸ್ ಬ್ಯಾಬೇಜ್, ಜಾನ್ ಹರ್ಷೆಲ್, ಜಾರ್ಜ್ ಪೀಕಾಕ್ ಸೇರಿ ಡಿ ಪಕ್ಷದ ಒಂದು ಸಂಘವನ್ನೇ ಕಟ್ಟಿದರು. ನಮ್ಮ ಹೋರಾಟ ವಿಶ್ವವಿದ್ಯಾಲಯದ 'ಡಾಟ್-ಏಜ್' ವಿರುದ್ಧ ಅಂತ ಬ್ಯಾಬೇಜ್ ಕುಟುಕಿದ. ಬಿಡಿಸಿ ಓದಿದರೆ ಚುಕ್ಕಿಗಳ ಕಾಲ, ಕೂಡಿಸಿ ಓದಿದರೆ ಇಂಗ್ಲಿಷಿನಲ್ಲಿ ಅರಳುಮರಳು. ಪ್ರೂಫ್ ನೋಡುವವರ ಮತ ಕೇಳಿದ್ದರೆ ನಾನೂ ಬ್ಯಾಬೇಜ್ ಪಕ್ಷವೇ. ತಲೆಯ ಮೇಲಿನ ಚುಕ್ಕಿ ಅಚ್ಚಿನಲ್ಲಿ ಮುರಿದು ಬಿದ್ದಷ್ಟು ಬೇರೇನೂ ಬೀಳುವುದಿಲ್ಲ. ಆದರೆ ಭೌತಶಾಸ್ತ್ರದವರು ಇವತ್ತಿಗೂ ಚುಕ್ಕಿ ಬಿಟ್ಟಿಲ್ಲ. ಉದ್ದುದ್ದ ಸಮೀಕರಣದಲ್ಲಿ ಪದೇ ಪದೇ ಡಿ ಬರೆಯುವುದಕ್ಕಿಂತ ಒಂದು ಚುಕ್ಕಿ ಕುಕ್ಕುವುದು ಸುಲಭ, ಅಲ್ವಾ?

ತಲೆಯ ಮೇಲೆ ಇನ್ನೂ ಒಬ್ಬರಿದ್ದಾರೆ, ಮರುಕಳಿಸುವ ದಶಮಾಂಶದವರು. ಏಳನೇ ಒಂದು ಭಾಗ 0.142857 ಆಗಿ ಮತ್ತೆ ಮತ್ತೆ ಅದೇ ಬರುತ್ತದೆ. ಕೆಲವರು ಅಷ್ಟಕ್ಕೂ ಮೇಲೆ ಗೆರೆ ಎಳೆಯುತ್ತಾರೆ. ಕೆಲವರು ಮೊದಲ 1ಕ್ಕೂ ಕೊನೆಯ 7ಕ್ಕೂ ಒಂದೊಂದು ಚುಕ್ಕಿ ಇಟ್ಟು ಬಿಡುತ್ತಾರೆ. ಈ ಹಾಳೆಯಲ್ಲಿ ನೇತು ಹಾಕಿ ಬರೆದರೆ ಯಾವ ಅಂಕಿ ಬೇಕಾದರೂ ಮರುಕಳಿಸಬಹುದು.

ಇಲ್ಲಿಗೆ ನನ್ನ ತಿಳಿವಳಿಕೆ ಒಂದು ಹಂತಕ್ಕೆ ಬಂತು. ಚುಕ್ಕಿಗೆ ಸ್ವಂತ ಅರ್ಥ ಅಂತ ಒಂದಿಲ್ಲ. ಆಕಾರ ಇಲ್ಲ, ದಿಕ್ಕಿಲ್ಲ. ಅದಕ್ಕಿರುವುದು ಜಾಗ ಒಂದೇ. ಆ ಜಾಗವನ್ನೇ ಈ ನೋಟ್‌ಬುಕ್ಕು ಮೊದಲೇ ಟವೆಲ್ ಹಾಕಿ ಹಿಡಿದುಕೊಂಡಿದೆ.

ಜಾಗದ ಮಾತು ಸಂಗೀತದವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಸ್ವರದ ಬಲಕ್ಕೆ ಚುಕ್ಕಿ ಇಟ್ಟರೆ ಅದು ಅರ್ಧದಷ್ಟು ಜಾಸ್ತಿ ಉದ್ದ. ಎರಡು ಚುಕ್ಕಿ ಇಟ್ಟರೆ ಅರ್ಧದ ಮೇಲೆ ಇನ್ನೂ ಕಾಲು. ಅದೇ ಚುಕ್ಕಿಯನ್ನು ಸ್ವರದ ತಲೆಯ ಮೇಲೋ ಕೆಳಗೋ ಇಟ್ಟರೆ ಪೂರಾ ಉಲ್ಟಾ: ಚುಟುಕಾಗಿ ನುಡಿಸಿ ಬಿಟ್ಟುಬಿಡು ಅಂತ. ಪಕ್ಕಕ್ಕಿದ್ದರೆ ಎಳಿ, ಮೇಲಿದ್ದರೆ ಕತ್ತರಿಸು! ಸ್ವರ ಗೆರೆಯ ಮೇಲೆ ಕೂತಿದ್ದರೆ ಬಲಗಡೆಯ ಚುಕ್ಕಿಯನ್ನು ಗೆರೆಯ ಮೇಲೆ ಇಡುವುದಿಲ್ಲ, ಒಂದು ಚೂರು ಮೇಲೆ, ಖಾಲಿ ಜಾಗಕ್ಕೆ ಏರಿಸುತ್ತಾರೆ. ಗೆರೆ ಚುಕ್ಕಿಯನ್ನು ನುಂಗಬಾರದಲ್ಲ. ಈ ನಯ ನನ್ನ ನೋಟ್‌ಬುಕ್ ಮಾಡಿದವರಿಗೆ ಯಾರಾದರೂ ಹೇಳಿಕೊಟ್ಟಿದ್ದರೆ.

ನಮ್ಮ ಸ್ವರಲಿಪಿಯ ಕಥೆ ಇನ್ನೂ ನಾಜೂಕು. ಹಿಂದೂಸ್ತಾನಿ ಸಂಗೀತದ ಭಾತಖಂಡೆ ಪದ್ಧತಿಯಲ್ಲಿ ಮಂದ್ರಕ್ಕೆ, ಅಂದರೆ ಕೆಳಗಿನ ಸ್ಥಾಯಿಗೆ, ಅಕ್ಷರದ ಕೆಳಗೆ ಚುಕ್ಕಿ. ತಾರಕ್ಕೆ, ಅಂದರೆ ಮೇಲಿನ ಸ್ಥಾಯಿಗೆ, ಮೇಲೆ. ಅದನ್ನು ಕನ್ನಡ ಅಕ್ಷರದಲ್ಲಿ ಬರೆದ ಪುಸ್ತಕವೊಂದು ನನ್ನ ಕೈಗೆ ಬಂದಿತ್ತು. ಸ, ರಿ, ಗ, ಮ ತನಕ ಹೇಗೋ ಆಯಿತು. ಧ ಬಂದಾಗ ಸಿಕ್ಕಿಬಿದ್ದೆ. ದ ಮತ್ತು ಧ ನಡುವಿನ ವ್ಯತ್ಯಾಸ ಏನು? ಬುಡದಲ್ಲಿ ಒಂದು ಸಣ್ಣ ಗೀಟು. ಮಂದ್ರದ ಚುಕ್ಕಿಯೂ ಸರಿಯಾಗಿ ಅಲ್ಲೇ ಬಂದು ಕೂರುತ್ತದೆ. ಸಣ್ಣ ಅಕ್ಷರದಲ್ಲಿ ಗೀಟೂ ಚುಕ್ಕಿಯೂ ಅಂಟಿಕೊಂಡು ಒಂದು ಕಪ್ಪು ಮುದ್ದೆ. ನಿ ಬಂದರೆ ಮೇಲ್ಗಡೆ ತಾಪತ್ರಯ. ಗುಡಿಸು ಆಗಲೇ ತಲೆಯ ಮೇಲೆ ಕೂತಿದೆ, ತಾರದ ಚುಕ್ಕಿ ಅದರ ಮೇಲೆ ಏರಬೇಕು, ಏರಿದರೆ ಮೇಲಿನ ಸಾಲಿನ ಧ ಕೆಳಗಿನ ಮಂದ್ರದ ಚುಕ್ಕಿಯೋ ಇದು ಅಂತ ಅನುಮಾನ. ಸಾಲುಗಳ ನಡುವೆ ಜಾಗ ಬಿಡಿಸಿ ಬಿಡಿಸಿ ಆ ಪುಸ್ತಕ ಎಷ್ಟೋ ಪುಟ ದಪ್ಪ ಆಯಿತು. ಅದರ ಟಿಪ್ಪಣಿಗಳನ್ನು ಈ ಚುಕ್ಕಿ ಹಾಳೆಯಲ್ಲಿ ಬರೆಯುವ ಧೈರ್ಯ ನಾನು ಮಾಡಲಿಲ್ಲ. ಬಿಳಿ ಹಾಳೆ ತೆಗೆದುಕೊಂಡೆ.

ಹಾಗಾದರೆ ಈ ನೋಟ್‌ಬುಕ್ಕು ದಂಡವೇ? ಇಲ್ಲ. ಅಲ್ಲೇ ನನಗೂ ಅಚ್ಚರಿ ಆಗಿದ್ದು.

ಬ್ರೈಲ್ ಲಿಪಿ ಕಲಿಯಬೇಕು ಅಂತ ಬಹಳ ದಿನದ ಆಸೆ. ಬೆರಳಲ್ಲಿ ಓದುವಷ್ಟಲ್ಲ, ಕಣ್ಣಲ್ಲಿ ಗುರುತಿಸುವಷ್ಟು. ಬ್ರೈಲಿನ ಒಂದು ಕೋಶದಲ್ಲಿ ಆರು ಚುಕ್ಕಿಯ ಜಾಗ: ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು. ಎಡಗಡೆ ಮೇಲಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಒಂದೊಂದು ಜಾಗದಲ್ಲೂ ಚುಕ್ಕಿ ಇರಬಹುದು, ಇಲ್ಲದಿರಬಹುದು. ಒಟ್ಟು 64 ಬಗೆ, ಖಾಲಿ ಕೋಶವೂ ಸೇರಿ. ನಿಜವಾದ ಬ್ರೈಲಿನಲ್ಲಿ ಕೋಶದೊಳಗೆ ಚುಕ್ಕಿಯಿಂದ ಚುಕ್ಕಿಗೆ ಸುಮಾರು ಎರಡೂವರೆ ಮಿಲಿಮೀಟರು. ನನ್ನ ಹಾಳೆಯಲ್ಲಿ ಐದು. ಸರಿಯಾಗಿ ಎರಡು ಪಟ್ಟು! ಪೆನ್ನು ತೆಗೆದುಕೊಂಡು ಬೇಕಾದ ಬೂದು ಚುಕ್ಕಿಯನ್ನು ಕಪ್ಪು ಮಾಡುತ್ತಾ ಹೋದರೆ ಆಯಿತು. ಬೇಡದ್ದು ಬೂದಾಗಿಯೇ ಉಳಿದು 'ನಾನಿಲ್ಲಿ ಇಲ್ಲ' ಅನ್ನುತ್ತದೆ. ಕಣ್ಣಿದ್ದವರಿಗೆ ಬ್ರೈಲ್ ಕಲಿಸುವ ಕೆಲವು ಫಾಂಟುಗಳಲ್ಲಿ ಇಂಥ ನೆರಳು ಚುಕ್ಕಿಗಳನ್ನು ಬೇಕೆಂದೇ ಹಾಕಿರುತ್ತಾರೆ. ನನಗದು ಪುಕ್ಕಟೆ ಸಿಕ್ಕಿತು.

ಹೀಗೆ ಕಪ್ಪು ಮಾಡುತ್ತಾ ಹೋದಾಗಲೇ ಲೂಯಿ ಬ್ರೈಲನ ಜಾಣತನ ಕಂಡಿದ್ದು. ಎಬಿಸಿಡಿಯ ಮೊದಲ ಹತ್ತು ಅಕ್ಷರ ಮೇಲಿನ ನಾಲ್ಕು ಚುಕ್ಕಿಯೊಳಗೇ ಮುಗಿಯುತ್ತವೆ. ಮುಂದಿನ ಹತ್ತಕ್ಕೆ ಅವೇ ಆಕಾರ, ಕೆಳಗೆ 3ನೇ ಚುಕ್ಕಿ ಮಾತ್ರ ಜಾಸ್ತಿ. ಅದರ ಮುಂದಿನವಕ್ಕೆ 6 ಕೂಡ. ಡಬ್ಲ್ಯೂ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಅವನ ಫ್ರೆಂಚಿನಲ್ಲಿ ಆಗ ಅದಕ್ಕೆ ಕೆಲಸ ಇರಲಿಲ್ಲ. ಹುಡುಗ ಇದರ ಮೊದಲ ರೂಪ ಮಾಡಿದ್ದು 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ. ಅದಕ್ಕೂ ಮೊದಲು ಶಾರ್ಲ್ ಬಾರ್ಬಿಯೆ ಅನ್ನುವವನು ಹನ್ನೆರಡು ಚುಕ್ಕಿಯ ಪದ್ಧತಿ ಮಾಡಿದ್ದ. ಅದು ಒಂದು ಬೆರಳ ತುದಿಯಡಿ ಹಿಡಿಸುತ್ತಿರಲಿಲ್ಲ. ಆರಕ್ಕೆ ಇಳಿಸಿದ್ದೇ ಬ್ರೈಲ್ ಮಾಡಿದ ದೊಡ್ಡ ಕೆಲಸ ಅಂತ ನನ್ನ ಎಣಿಕೆ.

ಕನ್ನಡಕ್ಕೆ ನಾವು ಬಳಸುವ ಭಾರತಿ ಬ್ರೈಲ್ 1951ರದ್ದು. ಅಲ್ಲಿ ಅ ಅಂದರೆ 1ನೇ ಚುಕ್ಕಿ ಒಂದೇ. ಬ ಅಂದರೆ 1, 2. ಕ ಅಂದರೆ 1, 3. 'ಮರ' ಬರೆಯಬೇಕಾ? ಮೊದಲ ಕೋಶದಲ್ಲಿ 1, 3, 4. ಎರಡನೆಯದರಲ್ಲಿ 1, 2, 3, 5. ಅಷ್ಟೇ. ಒತ್ತು, ಗುಡಿಸು, ತಲಕಟ್ಟು ಯಾವುದೂ ಮೇಲೆ ಕೆಳಗೆ ಹತ್ತಿ ಇಳಿಯುವುದಿಲ್ಲ, ಎಲ್ಲವೂ ಒಂದರ ಪಕ್ಕ ಒಂದು. ಧ ಬುಡದ ಗೀಟಿನ ಜೊತೆ ಗುದ್ದಾಡಿದವಳಿಗೆ ಇದು ಎಂಥ ಸುಖ ಅಂತ ಹೇಳಿದರೆ ತಿಳಿಯುವುದಿಲ್ಲ. ಕೋಶಕ್ಕೂ ಕೋಶಕ್ಕೂ ನಡುವೆ ಒಂದು ಉದ್ದ ಸಾಲು ಬಿಟ್ಟುಕೊಂಡೆ. ಇಪ್ಪತ್ತೆಂಟರಲ್ಲಿ ಒಂಬತ್ತು ಕೋಶ ಬಂತು, ಕೊನೆಗೆ ಒಂದು ಚುಕ್ಕಿ ಮಿಕ್ಕಿತು. ಬ್ರೈಲನ್ನು ಹಲಗೆಯ ಮೇಲೆ ಮೊಳೆಯಿಂದ ಚುಚ್ಚುವವರು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ಚುಚ್ಚಬೇಕು. ಹಾಳೆ ತಿರುಗಿಸಿದಾಗ ಉಬ್ಬು ಸರಿಯಾಗಿ ಎಡದಿಂದ ಬಲಕ್ಕೆ ಬರುತ್ತದೆ. ಅದನ್ನೂ ಒಂದು ಪುಟ ಅಭ್ಯಾಸ ಮಾಡಿದೆ. ಕೈ ಒಪ್ಪಿದರೂ ತಲೆ ಇನ್ನೂ ಒಪ್ಪಿಲ್ಲ.

ಈ ಇಪ್ಪತ್ತು ಪುಟಕ್ಕೇ ನೋಟ್‌ಬುಕ್ ಕೊಂಡದ್ದು ಸಾರ್ಥಕ ಅಂದುಕೊಂಡೆ. ಕೊಂಡವನು ತಮ್ಮ, ಇರಲಿ.

ಅವನ ಅನುಭವ ಬೇರೆ. ಒಂದು ಭಾನುವಾರ ನನ್ನ ನೋಟ್‌ಬುಕ್ಕಿನಲ್ಲೇ ಒಂದು ಸರ್ಕ್ಯೂಟ್ ಗೀಚಿದ. ಪೆನ್ಸಿಲಿನಲ್ಲಿ, ಚುಕ್ಕಿಯಿಂದ ಚುಕ್ಕಿಗೆ, ಗೆರೆ ಎಲ್ಲ ನೆಟ್ಟಗೆ. ನೋಡುವುದಕ್ಕೆ ಲಕ್ಷಣವಾಗಿತ್ತು. ಸರ್ಕ್ಯೂಟ್ ನಕ್ಷೆಯ ನಿಯಮ ಗೊತ್ತಲ್ಲ: ಎರಡು ತಂತಿ ಅಡ್ಡ ಹಾಯುವಲ್ಲಿ ಚುಕ್ಕಿ ಇದ್ದರೆ ಅವು ಕೂಡಿವೆ. ಇಲ್ಲದಿದ್ದರೆ ಸುಮ್ನೆ ಒಂದನ್ನೊಂದು ದಾಟಿವೆ. ಈಗ ನೋಡಿ, ಚುಕ್ಕಿ ಹಿಡಿದು ಎಳೆದ ಗೆರೆಗಳು ಸಂಧಿಸುವುದು ಎಲ್ಲಿ? ಚುಕ್ಕಿಯ ಮೇಲೆಯೇ. ಪೆನ್ಸಿಲ್ ಗೆರೆಯಡಿಯಿಂದ ಅಚ್ಚಿನ ಚುಕ್ಕಿ ಇಣುಕುತ್ತಿತ್ತು. ಮೂರು ದಿನ ಬಿಟ್ಟು ಫೋಟೋ ನೋಡಿಕೊಂಡು ತಂತಿ ಬೆಸೆದ.

"ನಿನ್ನ ಪುಸ್ತಕ ನನ್ನ ಬೋರ್ಡನ್ನೇ ಶಾರ್ಟ್ ಮಾಡ್ತು ಕಣಕ್ಕ" ಅಂತ ಫೋನು.

"ನೀನೇ ಕೊಟ್ಟಿದ್ದು ಕಣೋ. ಅದಿರಲಿ, ನಿಮ್ಮಲ್ಲಿ ನಾಲ್ಕು ದಾರಿಗೆ ಚುಕ್ಕಿ ಇಡಬಾರದು ಅಂತ ರೂಢಿ ಇಲ್ವಾ?"

ಇದೆ. ನಾಲ್ಕು ತಂತಿ ಒಂದೇ ಕಡೆ ಸೇರಿಸದೆ, ಸ್ವಲ್ಪ ಸರಿಸಿ ಎರಡು ಮೂರು-ದಾರಿ ಮಾಡಿಬಿಟ್ಟರೆ ಚುಕ್ಕಿ ಬಂದರೂ ಹೋದರೂ ಅರ್ಥ ಕೆಡುವುದಿಲ್ಲ. ಅವನಿಗೆ ಗೊತ್ತಿತ್ತು, ಮಾಡಿರಲಿಲ್ಲ. ಅಷ್ಟರ ಮೇಲೆ ಬೈಗುಳ ನೋಟ್‌ಬುಕ್ಕಿಗೆ.

ಪಟ್ಟಿ, ಕೋಷ್ಟಕ ಎಳೆಯುವುದಕ್ಕೆ ಈ ಹಾಳೆಯ ಸಮ ಇಲ್ಲ. ಸ್ಕೇಲು ಬೇಡ, ಎಣಿಸಿಕೊಂಡು ಎಳೆದರೆ ಸಾಕು. ಖಾಲಿ ಬಿಟ್ಟ ಮನೆಗಳ ಬಗ್ಗೆ ಮಾತ್ರ ಎಚ್ಚರ. ಅಲ್ಲಿ ಒಂದು ಚುಕ್ಕಿ ಕೂತಿರುತ್ತದಲ್ಲ, ಅದು 'ಸೊನ್ನೆ'ಯೋ, 'ಲೆಕ್ಕ ಸಿಕ್ಕಿಲ್ಲ' ಅಂತಲೋ? ಎರಡಕ್ಕೂ ಆಧಾರ ಇದೆ. ಕಾಂಬೋಡಿಯಾದ ಸಾಂಬೋರಿನಲ್ಲಿ ಸಿಕ್ಕ ಶಾಸನದಲ್ಲಿ ಶಕ 605, ಅಂದರೆ ಕ್ರಿ.ಶ. 683, ಅಂತ ಕೊರೆದಿದ್ದಾರೆ. ಅದರ ನಡುವಿನ ಸೊನ್ನೆ ಒಂದು ಚುಕ್ಕಿ. ಇತ್ತ ಸಂಖ್ಯಾಶಾಸ್ತ್ರದವರು ಬಳಸುವ ಸ್ಯಾಸ್ ಅನ್ನುವ ತಂತ್ರಾಂಶದಲ್ಲಿ ಅಂಕಿ ಸಿಗದ ಮನೆಗೆ ಚುಕ್ಕಿ ಬೀಳುತ್ತದೆ. ಅಲ್ಲಿ ಸೊನ್ನೆ ಬೇರೆ, ಚುಕ್ಕಿ ಬೇರೆ. ಮಳೆ ಬರಲಿಲ್ಲ ಅನ್ನುವುದೂ ಮಳೆ ಅಳೆಯಲಿಲ್ಲ ಅನ್ನುವುದೂ ಒಂದೇ ಆಗುತ್ತದೆಯೇ? ನಾನೀಗ ಖಾಲಿ ಮನೆಗೆ ಅಡ್ಡಗೆರೆ ಹೊಡೆಯುತ್ತೇನೆ.

ದಿನದ ಕೆಲಸಗಳ ಪಟ್ಟಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬುಲೆಟ್ ಜರ್ನಲ್ ಅನ್ನುವ ಪದ್ಧತಿಯವರು ಇದನ್ನು ಮನೆಮಾತು ಮಾಡಿದ್ದು ಸುಮ್ನೆ ಅಲ್ಲ. ಅವರಲ್ಲಿ ಮಾಡಬೇಕಾದ ಕೆಲಸಕ್ಕೆ ಒಂದು ಚುಕ್ಕಿ. ಮುಗಿದರೆ ಅದೇ ಚುಕ್ಕಿಯ ಮೇಲೆ ಕತ್ತರಿ ಗುರುತು, ಮುಂದೂಡಿದರೆ ಅದರ ಮೇಲೇ ಬಾಣದ ತುದಿ. ಚುಕ್ಕಿಯನ್ನು ಅಳಿಸದೆ ಏನು ಬೇಕಾದರೂ ಮಾಡಿಕೊಳ್ಳಬಹುದು ಅನ್ನುವುದೇ ಅದರ ಅನುಕೂಲ.

ಅರಬ್ಬಿ ಅಕ್ಷರ ಕಲಿಯುವವರು ಮಾತ್ರ ದಯವಿಟ್ಟು ದೂರ ಇರಿ. ಬಾ, ತಾ, ಥಾ ಮೂರಕ್ಕೂ ಒಂದೇ ದೋಣಿಯ ಆಕಾರ. ಕೆಳಗೆ ಒಂದು ಚುಕ್ಕಿ, ಮೇಲೆ ಎರಡು, ಮೇಲೆ ಮೂರು, ಅಷ್ಟೇ ವ್ಯತ್ಯಾಸ. ಈ ಹಾಳೆಯಲ್ಲಿ ಒಂದು ಪದ ಬರೆದರೆ ನಾಲ್ಕು ಪದ ಓದಿಕೊಳ್ಳಬಹುದು.

ಹಾಳೆ, ಹೊಲಿಗೆ, ರಟ್ಟು ಬಗ್ಗೆ ಬೇಗ ಹೇಳಿಬಿಡುತ್ತೇನೆ. ದಾರದ ಹೊಲಿಗೆ, ಮಟ್ಟಸವಾಗಿ ತೆರೆದುಕೊಳ್ಳುತ್ತದೆ. ಹಾಳೆ ನುಣುಪು. ಜೆಲ್ ಪೆನ್ನು, ಪೆನ್ಸಿಲು ಎರಡೂ ಓಡುತ್ತವೆ. ಇಂಕ್ ಪೆನ್ನಿನಲ್ಲಿ ಯೋಚನೆ ಮಾಡುತ್ತಾ ನಿಬ್ಬನ್ನು ಒಂದೇ ಕಡೆ ಊರಿ ನಿಂತರೆ ಮಸಿ ಹಿಂದಿನ ಪುಟಕ್ಕೆ ಹಾಯುತ್ತದೆ. ಅಲ್ಲೂ ಒಂದು ಚುಕ್ಕಿ ಹುಟ್ಟುತ್ತದೆ, ಸಾವಿರದ ನೂರಾ ಇಪ್ಪತ್ತೊಂದನೆಯದು! ಒಂದು ದೂರು ಗಟ್ಟಿಯಾಗಿ ಹೇಳಬೇಕು: ಹಾಳೆಯ ಎರಡು ಬದಿಯ ಚುಕ್ಕಿಗಳು ಒಂದರ ಬೆನ್ನಿಗೆ ಒಂದು ಬಂದಿಲ್ಲ. ಬೆಳಕಿಗೆ ಹಿಡಿದರೆ ಒಂದು ಮಿಲಿಮೀಟರು ಆಚೀಚೆ. ಎರಡು ಬದಿ ಅಚ್ಚು ಹೊಂದಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಮಾಡಿಲ್ಲ.

ನಮ್ಮ ಚುಕ್ಕಿಗಳು ಬರೀ ಮೂಕ ಅಂತ ಬೇಜಾರಾದವರಿಗೆ ಮಾತಾಡುವ ಚುಕ್ಕಿಗಳ ಕಾಗದವೂ ಇದೆ. ಸ್ವೀಡನ್ನಿನ ಆನೋಟೋ ಕಂಪನಿಯದ್ದು. ಚುಕ್ಕಿಯಿಂದ ಚುಕ್ಕಿಗೆ 0.3 ಮಿ.ಮೀ., ಕಣ್ಣಿಗೆ ಬರೀ ಮಾಸಲು ಹಾಳೆ. ಪ್ರತಿ ಚುಕ್ಕಿಯನ್ನೂ ಅದರ ಜಾಗದಿಂದ ಮೇಲಕ್ಕೋ ಕೆಳಕ್ಕೋ ಎಡಕ್ಕೋ ಬಲಕ್ಕೋ ಕೂದಲೆಳೆಯಷ್ಟು ಸರಿಸಿರುತ್ತಾರೆ. ಪೆನ್ನಿನ ತುದಿಯಲ್ಲಿ ಸಣ್ಣ ಕ್ಯಾಮೆರಾ. ಅಡ್ಡ ಆರು, ಉದ್ದ ಆರು ಚುಕ್ಕಿ ಕಂಡರೆ ಸಾಕು, ತಾನು ಯಾವ ಪುಟದ ಯಾವ ಮೂಲೆಯಲ್ಲಿದ್ದೇನೆ ಅಂತ ಪೆನ್ನಿಗೆ ಗೊತ್ತಾಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಜಾಗ ತಪ್ಪಿದ ಚುಕ್ಕಿ ಅಚ್ಚಿನವರ ಸೋಮಾರಿತನ, ಅಲ್ಲಿ ಜಾಗ ತಪ್ಪಿದ್ದೇ ಮಾಹಿತಿ.

ಯಾರು ಕೊಳ್ಳಬಹುದು? ಚಿತ್ರ, ಕೋಷ್ಟಕ, ದಿನದ ಪಟ್ಟಿ ಬರೆಯುವವರು ಧಾರಾಳವಾಗಿ ಕೊಳ್ಳಿ. ಬ್ರೈಲ್ ಕಲಿಯುವವರಿಗೆ ಕಣ್ಣು ಮುಚ್ಚಿ ಶಿಫಾರಸು ಮಾಡುತ್ತೇನೆ. ಲೆಕ್ಕ, ಔಷಧ, ಸ್ವರಲಿಪಿ ಬರೆಯುವವರು ಗೆರೆ ಹಾಳೆಗೇ ಅಂಟಿಕೊಳ್ಳಿ. ಬರೆದದ್ದನ್ನು ಫೋಟೋ ತೆಗೆದು ಕಳಿಸುವವರು ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಪುಟ ಸ್ಕ್ಯಾನ್ ಮಾಡಿ ನೋಡಿ. ಚುಕ್ಕಿ ಕಪ್ಪಾಗಿ ಎದ್ದರೆ ವಾಪಸ್ ಇಟ್ಟುಬಿಡಿ. ತಿಳಿ ನೀಲಿ ಮಸಿಯ ಚುಕ್ಕಿ ಸಿಕ್ಕರೆ ಅದು ಬೂದಿಗಿಂತ ವಾಸಿ.

ನಾನು ಎರಡನೆಯ ನೋಟ್‌ಬುಕ್ಕಿನಲ್ಲಿ ದಶಮಾಂಶ ಬಂದಾಗಲೆಲ್ಲ ಕೆಂಪು ಪೆನ್ನು ಎತ್ತಿಕೊಳ್ಳುತ್ತೇನೆ. ಅಂಕಿ ಕಪ್ಪು, ಚುಕ್ಕಿ ಕೆಂಪು. ಪುಟ ಕಟ್ಟುವವರಿಗೂ ಹೇಳಿಟ್ಟಿದ್ದೇನೆ, ಕೆಂಪಿದ್ದರೆ ಮಾತ್ರ ನಂಬಿ ಅಂತ. ಆಮೇಲೆ ಎಡವಟ್ಟಾಗಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅಂಕಿಯಲ್ಲಿ ಬರೆಯುವುದಿಲ್ಲ.